ಘಟಪ್ರಭೆಯ ದಂಡೆಗೆ ಬಂದ ಪರದೇಶದ ರೊಕ್ಕ

ಶ್ರಾವಣದ ಭಾನುವಾರ ಗೋಕಾಕ ಫಾಲ್ಸ್‌ಗೆ ಬಂದವರಿಗೆ ನೀರು ಕಾಣುವ ಮೊದಲೇ ಅದರ ಸದ್ದು ಕೇಳುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿ ತಾಲ್ಲೂಕನ್ನು ದಾಟಿ ಬರುವ ಘಟಪ್ರಭೆ ಇಲ್ಲಿ ಮರಳುಗಲ್ಲಿನ ಬಂಡೆಯ ಅಂಚಿನಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಮಳೆಗಾಲದ ನೀರು ಕೆಂಪು ಮಿಶ್ರಿತ ಕಂದು ಬಣ್ಣದ್ದು. ಬಂಡೆಯ ಮೇಲೆ ನಿಂತವರ ಮುಖಕ್ಕೆ ತುಂತುರು ಹೊಡೆಯುತ್ತದೆ. ಶಾಲಾ ಬಸ್ಸುಗಳಿಂದ ಇಳಿದ ಮಕ್ಕಳು ಕೂಗಾಡುತ್ತಾರೆ, ತಾಯಂದಿರು ಅವರ ಕೈ ಹಿಡಿದು ಹಿಂದಕ್ಕೆ ಎಳೆಯುತ್ತಾರೆ. ಮಹಾಲಿಂಗೇಶ್ವರನ ಹಳೆಯ ಗುಡಿಗೆ ಕೈಮುಗಿದು, ನದಿಗೆ ಅಡ್ಡಲಾಗಿ ಸುಮಾರು 200 ಮೀಟರ್ ಉದ್ದಕ್ಕೆ ಕಟ್ಟಿದ ತೂಗುಸೇತುವೆಯನ್ನು ನೋಡಿ, ಬುತ್ತಿ ಬಿಚ್ಚಿ ಕುಳಿತುಕೊಳ್ಳುವುದು ಇಲ್ಲಿಯ ವಾಡಿಕೆ.

ಹಾಗೆ ಕುಳಿತವರು ಸಾಮಾನ್ಯವಾಗಿ ಜಲಪಾತಕ್ಕೆ ಮುಖ ಮಾಡಿರುತ್ತಾರೆ. ಅವರ ಬೆನ್ನಿಗಿರುವುದು ಕಲ್ಲಿನ ಕಟ್ಟಡಗಳ ಒಂದು ಸಾಲು, ಅದುವೇ ಗೋಕಾಕ ಮಿಲ್ಲು. ಅರ್ಥಶಾಸ್ತ್ರ ಓದುವ ಹುಡುಗ, ಹುಡುಗಿಯರು ಒಂದು ಗಳಿಗೆ ಹಿಂದಿರುಗಿ ನೋಡಿದರೆ ಪಠ್ಯಪುಸ್ತಕದ ಒಂದು ಇಡೀ ಅಧ್ಯಾಯ ಅಲ್ಲಿ ಕಲ್ಲಿನಲ್ಲಿ ನಿಂತಿರುವುದು ಕಂಡೀತು. ‘ವಿದೇಶಿ ನೇರ ಬಂಡವಾಳ’ ಎಂಬ ಮಾತು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 1991ರ ನಂತರ. ಆದರೆ ಹೊರಗಿನ ಹಣ ಗೋಕಾಕದ ಬಂಡೆಗೆ ಬಂದದ್ದು ಅದಕ್ಕೂ ನೂರು ವರ್ಷಗಳಷ್ಟು ಹಿಂದೆ.

ಗೋಕಾಕ, ಹುಕ್ಕೇರಿ, ಮೂಡಲಗಿ ಈ ಮೂರೂ ಬೆಳಗಾವಿ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳು. ಮೂಡಲಗಿಯಂತೂ ಕೆಲವೇ ವರ್ಷಗಳ ಹಿಂದಿನವರೆಗೆ ಗೋಕಾಕ ತಾಲ್ಲೂಕಿನದೇ ಭಾಗವಾಗಿತ್ತು. ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದಾದ ಈ ನೆಲದಲ್ಲಿ ಹೊರದೇಶದ ಹಣ ಒಂದಲ್ಲ, ನಾಲ್ಕು ವೇಷಗಳಲ್ಲಿ ಬಂದಿದೆ. ಅವನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ, ದೆಹಲಿಯಲ್ಲಿ ಪ್ರಕಟವಾಗುವ ದೊಡ್ಡ ದೊಡ್ಡ ಅಂಕಿಗಳ ಅರ್ಥವೂ ತಿಳಿದೀತು.

ಹೊಲದ ಲೆಕ್ಕ

ಇದನ್ನು ತಿಳಿಯಲು ದೊಡ್ಡ ಗ್ರಂಥಗಳು ಬೇಕಿಲ್ಲ, ಊರಿನ ಹೊಲದ ಲೆಕ್ಕ ಸಾಕು. ಪರವೂರಿನವನೊಬ್ಬ ಕೈಯಲ್ಲಿ ಹಣ ಹಿಡಿದು ಹಳ್ಳಿಗೆ ಬಂದ ಎಂದುಕೊಳ್ಳೋಣ. ಅವನು ಬೀಳುಬಿದ್ದ ನೆಲವನ್ನು ಕೊಂಡು, ಕಲ್ಲು ತೆಗೆದು, ಬಾವಿ ತೋಡಿ ತಾನೇ ಹೊಲ ಮಾಡಬಹುದು. ಊರಿನವರಿಗೆ ಸಾಲ ಕೊಟ್ಟು ಬಡ್ಡಿ ತೆಗೆದುಕೊಳ್ಳಬಹುದು, ಆಗ ಹೊಲ ಊರಿನವರದೇ. ಊರಿನ ರೈತನೊಬ್ಬನ ಜೊತೆ ಪಾಲಿಗೆ ಇಳಿಯಬಹುದು. ಅಥವಾ ಯಾರೋ ಕಷ್ಟಪಟ್ಟು ಬೆಳೆಸಿದ, ಆದರೆ ಸಾಲದಲ್ಲಿ ಸಿಕ್ಕಿದ ತೋಟವನ್ನು ಇದ್ದಹಾಗೆಯೇ ಖರೀದಿ ಮಾಡಬಹುದು.

ಈ ನಾಲ್ಕರಲ್ಲಿ ಸಾಲವೊಂದನ್ನು ಬಿಟ್ಟು ಉಳಿದ ಮೂರು ‘ನೇರ ಬಂಡವಾಳ’ಗಳು. ಇಲ್ಲಿ ‘ನೇರ’ ಎಂದರೆ ಹಣ ಹಾಕಿದವನಿಗೆ ವ್ಯವಹಾರದ ಆಡಳಿತದಲ್ಲಿ ಗಟ್ಟಿಯಾದ ಮಾತು ಇರುತ್ತದೆ ಎಂದರ್ಥ. ಷೇರುಪೇಟೆಯಲ್ಲಿ ಇವತ್ತು ಕೊಂಡು ನಾಳೆ ಮಾರುವವನ ಹಣ ಈ ಲೆಕ್ಕಕ್ಕೆ ಬರುವುದಿಲ್ಲ. ಷೇರುಪೇಟೆಯಲ್ಲಿ ವಹಿವಾಟಾಗುವ ಭಾರತೀಯ ಕಂಪನಿಯಲ್ಲಿ ವಿದೇಶಿಯೊಬ್ಬನ ಪಾಲು ಶೇ 10 ಮುಟ್ಟಿದರೆ ಅಥವಾ ದಾಟಿದರೆ ಅದು ನೇರ ಬಂಡವಾಳ, ಅದಕ್ಕಿಂತ ಕಡಿಮೆ ಇದ್ದರೆ ಬರಿಯ ಷೇರು ಹೂಡಿಕೆ. ಷೇರಿನ ಹಣ ಹೆದರಿದ ಹಕ್ಕಿಯಂತೆ ಒಂದೇ ದಿನದಲ್ಲಿ ಹಾರಿಹೋಗಬಲ್ಲದು. ಯಂತ್ರವಾಗಿ, ಕಟ್ಟಡವಾಗಿ ಕುಳಿತ ಹಣಕ್ಕೆ ಅಷ್ಟು ಸುಲಭವಾಗಿ ರೆಕ್ಕೆ ಬರುವುದಿಲ್ಲ.

ಬಂಡೆಯ ಮೇಲಿನ ಗಿರಣಿ

ಮೊದಲ ಬಗೆಯ ಹಣ ಗೋಕಾಕದ್ದು. 1885ರಲ್ಲಿ ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’ ಎಂಬ ಹೆಸರಿನಲ್ಲಿ ಈ ಸಂಸ್ಥೆ ಹುಟ್ಟಿತು. ಅದರ ಹಿಂದೆ ಇದ್ದದ್ದು ಮುಂಬಯಿಯ ಫೋರ್ಬ್ಸ್ ಮನೆತನದ ವ್ಯಾಪಾರ ಸಂಸ್ಥೆ. ಸ್ಕಾಟ್ಲೆಂಡಿನಿಂದ ಬಂದ ಜಾನ್ ಫೋರ್ಬ್ಸ್ 1767ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಸಂಸ್ಥೆ ಅದು. 1887ರಿಂದ ಗಿರಣಿ ನೂಲು ತೆಗೆಯತೊಡಗಿತು. ಅದನ್ನು ತಿರುಗಿಸಿದ್ದು ಇದೇ ಧುಮುಕುವ ನೀರಿನ ಬಲ. ಏಷ್ಯಾದ ಮೊದಲ ಜಲವಿದ್ಯುತ್ ಇಲ್ಲಿಯದೇ ಎಂದು ಪ್ರವಾಸಿ ಕೈಪಿಡಿಗಳು ಹೇಳುವುದುಂಟು. ವಿದ್ಯುತ್ತಿನ ಇತಿಹಾಸ ಬರೆಯುವವರು 1897ರ ಡಾರ್ಜಿಲಿಂಗ್ ಕೇಂದ್ರವನ್ನು ಮೊದಲು ಎಣಿಸಿ, 1902ರ ಶಿವನಸಮುದ್ರವನ್ನು ಆಮೇಲೆ ಹೇಳುತ್ತಾರೆ. ಆ ವಾದ ಏನೇ ಇರಲಿ, ಕಲ್ಲಿದ್ದಲು ಸಿಗದ ಈ ಸೀಮೆಯಲ್ಲಿ ಬೀಳುವ ನೀರನ್ನೇ ಉರುವಲಾಗಿ ಕಂಡದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆದರೆ ಕಂಪನಿ ಬರಿಗೈಯಲ್ಲಿ ಬಂದು ಎಲ್ಲವನ್ನೂ ತಾನೇ ಕಟ್ಟಿತು ಎಂದು ತಿಳಿಯಬಾರದು. ಜಲಪಾತದಿಂದ ಮೇಲಕ್ಕೆ ಕೆಲವೇ ಕಿಲೋಮೀಟರ್ ದೂರದ ಧೂಪದಾಳದಲ್ಲಿ ನದಿಗೆ ಒಡ್ಡು ಕಟ್ಟಿ ಗೋಕಾಕ ಕಾಲುವೆಯನ್ನು ತೋಡಿಸಿದ್ದು ಅಂದಿನ ಮುಂಬಯಿ ಸರ್ಕಾರ. ಆ ಒಡ್ಡಿನ ಹಿನ್ನೀರಿನಲ್ಲೇ ಈಗ ಘಟಪ್ರಭಾ ಪಕ್ಷಿಧಾಮ ಇದೆ. ಅದೇ ದಶಕದಲ್ಲಿ ಪುಣೆಯಿಂದ ಬೆಳಗಾವಿಯ ಕಡೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಬಂದವು. ರೈಲ್ವೆ ಕಂಪನಿಯ ಬಂಡವಾಳವೂ ಇಂಗ್ಲೆಂಡಿನದೇ, ಆದರೆ ಅದಕ್ಕೆ ಇಂತಿಷ್ಟು ಬಡ್ಡಿ ಖಂಡಿತ ಎಂದು ಸರ್ಕಾರ ಜಾಮೀನು ನಿಂತಿತ್ತು. ಲಾಭವಾದರೆ ಷೇರುದಾರರಿಗೆ, ಕೊರತೆ ಬಿದ್ದರೆ ಇಲ್ಲಿಯ ತೆರಿಗೆದಾರರಿಗೆ! ಹೊರಗಿನ ಬಂಡವಾಳ ಬರಬೇಕಾದರೆ ನೀರು, ರಸ್ತೆ, ರೈಲು, ಕಾನೂನು ಮೊದಲು ಸಿದ್ಧವಿರಬೇಕು ಎಂಬ ಮಾತನ್ನು ಇಂದಿನ ಮಂತ್ರಿಗಳು ಹೂಡಿಕೆದಾರರ ಸಮಾವೇಶಗಳಲ್ಲಿ ಹೇಳುತ್ತಾರೆ. ಅದು ಆಗಲೂ ನಿಜವಾಗಿತ್ತು. ಅದರ ಖರ್ಚು ಯಾರ ತಲೆಗೆ ಎಂಬ ಪ್ರಶ್ನೆಯೂ ಅಂದಿನಷ್ಟೇ ಇಂದಿಗೂ ಜೀವಂತವಾಗಿದೆ.

ಇನ್ನೊಂದು ಸೂಕ್ಷ್ಮವೂ ಇದೆ. ಒಂದು ಶತಮಾನದಿಂದ ಮುಂಬಯಿಯಲ್ಲಿ ಹತ್ತಿ, ಹಡಗು, ಹುಂಡಿಗಳ ವ್ಯಾಪಾರ ಮಾಡಿದ ಮನೆತನ ಗಿರಣಿಗೆ ಹಣ ಹಾಕಿದರೆ ಅದನ್ನು ಪರದೇಶದ ಹಣ ಎನ್ನಬೇಕೋ, ಇಲ್ಲಿಯೇ ಗಳಿಸಿದ ಹಣ ಎನ್ನಬೇಕೋ? ಬ್ರಿಟಿಷರ ಕಾಲದ ಎಷ್ಟೋ ‘ವಿದೇಶಿ ಬಂಡವಾಳ’ ನಿಜದಲ್ಲಿ ಇಲ್ಲಿ ಬಂದ ಲಾಭವನ್ನೇ ಮರಳಿ ಇಲ್ಲಿ ತೊಡಗಿಸಿದ್ದು. ಇಂದಿನ ಲೆಕ್ಕದಲ್ಲೂ ಹಾಗೆಯೇ. ವಿದೇಶಿ ಕಂಪನಿ ಭಾರತದಲ್ಲಿ ಗಳಿಸಿದ ಲಾಭವನ್ನು ತವರಿಗೆ ಒಯ್ಯದೆ ಇಲ್ಲೇ ಹೂಡಿದರೆ ರಿಸರ್ವ್ ಬ್ಯಾಂಕ್ ಅದನ್ನು ವಿದೇಶಿ ನೇರ ಬಂಡವಾಳದ ಮೊತ್ತದೊಳಗೆ ಸೇರಿಸುತ್ತದೆ. ಅಂದರೆ ‘ಇಷ್ಟು ಹಣ ಬಂತು’ ಎಂಬ ಸುದ್ದಿಯಲ್ಲಿ ಹಡಗು ಹತ್ತಿ ಬರದ ಹಣವೂ ಸ್ವಲ್ಪ ಇರುತ್ತದೆ.

ಗಿರಣಿ ಬರುವ ಮೊದಲು ಗೋಕಾಕ ಬರಿಯ ಊರಾಗಿರಲಿಲ್ಲ. ಬಣ್ಣಗಾರಿಕೆ, ನೇಯ್ಗೆ, ಕಾಗದ ಮಾಡುವುದು, ಹಗುರ ಮರದಲ್ಲಿ ಹಣ್ಣು, ಕಾಯಿ, ಮನುಷ್ಯರ ಗೊಂಬೆಗಳನ್ನು ಕೆತ್ತಿ ಬಣ್ಣ ಕೊಡುವುದು ಇಲ್ಲಿಯ ಹಳೆಯ ಕಸುಬುಗಳು. ಯಂತ್ರದ ನೂಲು ಮತ್ತು ಬಟ್ಟೆಯ ಕಾಲದಲ್ಲಿ ಬಣ್ಣಗಾರರ, ನೇಕಾರರ ಮಗ್ಗದ ಸದ್ದು ಕಡಿಮೆಯಾಯಿತು. ಇನ್ನೊಂದು ಕಡೆ ಗಿರಣಿಯ ಸುತ್ತ ಕಾರ್ಮಿಕರ ವಸತಿ ಬೆಳೆಯಿತು, ಪಕ್ಕದ ಕೊಣ್ಣೂರ ದೊಡ್ಡದಾಯಿತು. ಮಳೆ ಬಂದರೆ ಮಾತ್ರ ಕೂಲಿ ಎನ್ನುವ ಸೀಮೆಯಲ್ಲಿ ತಿಂಗಳಿಗೊಮ್ಮೆ ಪಗಾರ ಕಾಣುವ ಮನೆಗಳು ಹುಟ್ಟಿಕೊಂಡವು. ಬಂದದ್ದು, ಹೋದದ್ದು ಎರಡನ್ನೂ ಬರೆದಾಗಲೇ ಜಮಾ ಖರ್ಚು ಪೂರ್ತಿಯಾಗುತ್ತದೆ.

ಗಿರಣಿಯ ಯಜಮಾನಿಕೆಯ ಕಥೆಯೇ ದೇಶದ ನೀತಿಯ ಕಥೆ. ಸ್ವಲ್ಪವೇ ಷೇರು ಇಟ್ಟುಕೊಂಡು ಕಂಪನಿಯ ಇಡೀ ಆಡಳಿತವನ್ನು ಕೈಯಲ್ಲಿ ಹಿಡಿಯಲು ಎಡೆಗೊಡುತ್ತಿದ್ದ ‘ಮ್ಯಾನೇಜಿಂಗ್ ಏಜೆನ್ಸಿ’ ಪದ್ಧತಿಯನ್ನು ಭಾರತ 1970ರಲ್ಲಿ ರದ್ದು ಮಾಡಿತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಬಹುಪಾಲು ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂದಿತು. ಒಪ್ಪದ ಕೋಕಾ ಕೋಲಾ ಮತ್ತು ಐಬಿಎಂ ಕಂಪನಿಗಳು ಆ ದಶಕದ ಕೊನೆಗೆ ದೇಶ ಬಿಟ್ಟವು. ಗೋಕಾಕದ ಗಿರಣಿ ಸ್ವಿಟ್ಜರ್ಲೆಂಡ್ ಮೂಲದ ವೋಲ್ಕಾರ್ಟ್ ಹೆಸರನ್ನೂ ಸೇರಿಸಿಕೊಂಡು ‘ಗೋಕಾಕ ಪಟೇಲ್ ವೋಲ್ಕಾರ್ಟ್’ ಆಯಿತು, ಟಾಟಾ ಸಮೂಹದ ನೆರಳಿಗೆ ಬಂತು, ‘ಫೋರ್ಬ್ಸ್ ಗೋಕಾಕ’ ಎನಿಸಿತು, 2000ದ ದಶಕದಲ್ಲಿ ಶಾಪೂರ್ಜಿ ಪಲ್ಲೋಂಜಿ ಸಮೂಹದ ಕೈಗೆ ಹೋಗಿ ‘ಗೋಕಾಕ ಟೆಕ್ಸ್‌ಟೈಲ್ಸ್’ ಆಯಿತು. ಬೋರ್ಡು ಎಷ್ಟು ಸಲ ಬದಲಾದರೂ ಊರಿನವರ ಬಾಯಲ್ಲಿ ಅದು ಗೋಕಾಕ ಮಿಲ್ಲೇ.

ಹುಕ್ಕೇರಿಯ ದೀಪ

ಫಾಲ್ಸ್‌ನಿಂದ ಘಟಪ್ರಭಾ ಸ್ಟೇಶನ್ ದಾಟಿ ಪಶ್ಚಿಮಕ್ಕೆ ಹೊರಟರೆ ಹುಕ್ಕೇರಿ. ಆದಿಲಶಾಹಿ ಕಾಲದ ಗುಮ್ಮಟಗಳು ಊರಿನ ಗುರುತು. ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಅದರಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ ಬೇಸಗೆಯಲ್ಲಿ ನೀರು ಇಳಿದಾಗ ತಲೆ ಎತ್ತುತ್ತದೆ. ಕೆಳಗಿನ ತಾಲ್ಲೂಕುಗಳ ಹಸಿರಿಗಾಗಿ ಮೇಲಿನ ಊರುಗಳು ಕೊಟ್ಟ ಬೆಲೆಯನ್ನು ಅದು ವರ್ಷಕ್ಕೊಮ್ಮೆ ನೆನಪಿಸುತ್ತದೆ.

ಎರಡನೆಯ ಬಗೆಯ ಹಣ ಇಲ್ಲಿಗೆ ಬಂದದ್ದು 1969ರಲ್ಲಿ, ಅದೂ ದೀಪದ ರೂಪದಲ್ಲಿ. ಆ ವರ್ಷ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾದಾಗ, ದೇಶದಲ್ಲಿ ಪ್ರಯೋಗಕ್ಕಾಗಿ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ಆರಿಸಿದರು. ಆಂಧ್ರದ ಸಿರ್ಸಿಲ್ಲಾ, ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ ಪ್ರವರಾ, ಉತ್ತರ ಪ್ರದೇಶದ ಲಖನೌ ಮತ್ತು ಅಂದಿನ ಮೈಸೂರು ರಾಜ್ಯದ ಹುಕ್ಕೇರಿ. ಅಮೆರಿಕದ ಹಳ್ಳಿಗಳಲ್ಲಿ 1930ರ ದಶಕದಲ್ಲಿ ರೈತರೇ ಸಂಘ ಕಟ್ಟಿಕೊಂಡು ತಂತಿ ಎಳೆಸಿಕೊಂಡ ಮಾದರಿ ಇದು. ಅಲ್ಲಿಯ ತಜ್ಞರ ಸಲಹೆಯೂ ಬಂತು. ನಿಗಮದ ಆರಂಭದ ಬಂಡವಾಳಕ್ಕೆ ಪಿಎಲ್-480 ನಿಧಿಯ ನೆರವಿತ್ತು. ಹಿರಿಯರಿಗೆ ಈ ಹೆಸರು ನೆನಪಿರಬೇಕು. ಬರಗಾಲದ ದಿನಗಳಲ್ಲಿ ರೇಷನ್ ಅಂಗಡಿಗೆ ಬಂದ ಅಮೆರಿಕದ ಗೋಧಿಗೆ ಭಾರತ ಡಾಲರಿನ ಬದಲು ರೂಪಾಯಿ ಕೊಟ್ಟಿತ್ತು. ಆ ರೂಪಾಯಿಗಳು ಇಲ್ಲಿಯೇ ಉಳಿದು ಇಂಥ ಕೆಲಸಗಳಿಗೆ ಸಾಲವಾಗಿ ಹರಿದವು.

ಇದು ನೇರ ಬಂಡವಾಳವಲ್ಲ. ನೆರವು ಬಂತು, ಯಜಮಾನ ಬರಲಿಲ್ಲ. ದೀಪ ಹಚ್ಚಿಸಿಕೊಂಡ ಗ್ರಾಹಕನೇ ಸಂಘದ ಸದಸ್ಯ, ಮತ ಹಾಕಿ ಆಡಳಿತ ಮಂಡಳಿ ಆರಿಸುವವನೂ ಅವನೇ. ಐವತ್ತು ವರ್ಷ ಕಳೆದ ಮೇಲೂ ಹುಕ್ಕೇರಿ ತಾಲ್ಲೂಕಿನಲ್ಲಿ ಮನೆ ಮನೆಗೆ ವಿದ್ಯುತ್ ಹಂಚುವುದು ಈ ಸಂಘವೇ. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಸಂಘದ ಮಾತು ಬಂದಾಗ ಇಲ್ಲಿಯ ಜನ ಸಹಕಾರಿ ಮುಖಂಡ ಅಪ್ಪಣಗೌಡ ಪಾಟೀಲರ ಹೆಸರನ್ನು ಮರೆಯುವುದಿಲ್ಲ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆಯ ಜೊತೆಗೂ ಅದೇ ಹೆಸರು ಕೂಡಿಕೊಂಡಿದೆ. ಸಹಕಾರದಲ್ಲಿ ಚುನಾವಣೆಯ ಜಗಳ, ಬಾಕಿಯ ಭಾರ ಇರುವುದಿಲ್ಲವೆಂದಲ್ಲ. ಆದರೆ ಜಗಳ ಊರಿನೊಳಗೇ ನಡೆಯುತ್ತದೆ, ತೀರ್ಪೂ ಊರಿನೊಳಗೇ ಆಗುತ್ತದೆ.

ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ

ಅದೇ ಹುಕ್ಕೇರಿ ತಾಲ್ಲೂಕಿನಲ್ಲಿ, ಪುಣೆ ಬೆಂಗಳೂರು ಹೆದ್ದಾರಿಯ ಬದಿಯ ಹತ್ತರಗಿಗೆ ಬಂದರೆ ದೃಶ್ಯ ಬದಲಾಗುತ್ತದೆ. ಕಬ್ಬು, ಮೆಕ್ಕೆಜೋಳದ ಹೊಲಗಳ ನಡುವೆ ಉದ್ದನೆಯ ಶೆಡ್ಡುಗಳು ನಿಂತಿವೆ. ಅವುಗಳೊಳಗೆ ತಯಾರಾಗುವುದು ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬೇಕಾದ ಲೋಹದ ಬಿಡಿಭಾಗಗಳು. 2009ರಲ್ಲಿ ಆರಂಭವಾದ ಈ ವಿಶೇಷ ಆರ್ಥಿಕ ವಲಯವನ್ನು ಕಟ್ಟಿದ್ದು ಏಕಸ್ ಕಂಪನಿ. ಅದನ್ನು ಬೆಳೆಸಿದವರು ಅರವಿಂದ ಮೆಳ್ಳಿಗೇರಿ.

ಇಲ್ಲಿ ಹಣ ಬಂದದ್ದು ಪಾಲಿನ ವ್ಯವಹಾರವಾಗಿ. ಲೋಹವನ್ನು ಕಾಯಿಸಿ ಒತ್ತಿ ಆಕಾರ ಕೊಡುವ ಕೆಲಸಕ್ಕೆ ಫ್ರಾನ್ಸಿನ ಒಬೆರ್ ಎ ದ್ಯುವಾಲ್, ಅದರ ಮೇಲ್ಮೈಗೆ ರಾಸಾಯನಿಕ ಸಂಸ್ಕಾರ ಕೊಡುವ ಕೆಲಸಕ್ಕೆ ಕೆನಡಾದ ಮೆಜೆಲನ್ ಏರೋಸ್ಪೇಸ್, ಬಿಡಿಭಾಗಗಳನ್ನು ಜೋಡಿಸುವ ಕೆಲಸಕ್ಕೆ ಸ್ವೀಡನ್ನಿನ ಸಾಬ್, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ದೇಶದ ಪಾಲುದಾರನನ್ನು ಕೂಡಿಸಿಕೊಂಡು ಜಂಟಿ ಕಂಪನಿಗಳನ್ನು ಮಾಡಿದರು. ಪಾಲಿನವನು ತಂದದ್ದು ಹಣ ಮಾತ್ರವಲ್ಲ. ವಿಮಾನದ ಒಂದು ತುಂಡು ಲೋಹ ಎಷ್ಟು ಬಿಸಿಯಾಗಬೇಕು, ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನು ಹೇಗೆ ಅಳೆಯಬೇಕು, ಅಳೆದದ್ದನ್ನು ಹೇಗೆ ದಾಖಲಿಸಬೇಕು ಎಂಬ ವಿದ್ಯೆಯೂ ಅವನ ಜೊತೆ ಬಂತು. ಅದರ ಜೊತೆಗೆ ಗಿರಾಕಿಯ ಬಾಗಿಲೂ ತೆರೆಯಿತು. ವಿಮಾನ ಕಟ್ಟುವವರು ಗುರುತು ಪರಿಚಯವಿಲ್ಲದ ಊರಿನಿಂದ ಬಿಡಿಭಾಗ ಕೊಳ್ಳುವುದಿಲ್ಲ. ಒಂದೊಂದು ಪ್ರಕ್ರಿಯೆಗೂ ಅವರ ಒಪ್ಪಿಗೆಯ ಮುದ್ರೆ ಬೇಕು.

ತಂದೆ ತಾಯಂದಿರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಇಂಥ ಕಾರಖಾನೆಯ ಗೇಟಿನೊಳಗೆ ಕಾಲಿಡಲು ದೊಡ್ಡ ಇಂಜಿನಿಯರಿಂಗ್ ಪದವಿಯೇ ಬೇಕೆಂದಿಲ್ಲ. ಐಟಿಐನಲ್ಲಿ ಟರ್ನರ್, ಫಿಟ್ಟರ್, ಮೆಷಿನಿಸ್ಟ್ ಕಲಿತವರಿಗೆ, ಡಿಪ್ಲೊಮಾ ಮುಗಿಸಿದವರಿಗೆ, ನಕ್ಷೆ ಓದಲು ಬರುವವರಿಗೆ ಇಂಥಲ್ಲಿ ಜಾಗ ಇರುತ್ತದೆ. ಬೆಳಗಾವಿಗೆ ಎರಕದ ಕಾರಖಾನೆಗಳ, ಲೇತ್ ಅಂಗಡಿಗಳ ಹಳೆಯ ಪರಂಪರೆ ಇದೆ. ಆ ಕೈಚಳಕ ಇಲ್ಲದಿದ್ದರೆ ಫ್ರಾನ್ಸಿನ ಪಾಲುದಾರ ಹತ್ತರಗಿಯ ವರೆಗೆ ಬರುವ ಕಾರಣವೇ ಇರಲಿಲ್ಲ. 1885ರಲ್ಲಿ ಹಣವನ್ನು ಎಳೆದದ್ದು ಬೀಳುವ ನೀರು, 2009ರಲ್ಲಿ ಎಳೆದದ್ದು ನುರಿತ ಕೈ. ಈ ಬದಲಾವಣೆಯನ್ನು ಮಕ್ಕಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಜಲಪಾತವನ್ನು ಯಾರೂ ಹೊಸದಾಗಿ ಮಾಡಲಾರರು, ಕೈಯನ್ನು ಮಾತ್ರ ಪಳಗಿಸಬಹುದು.

ಬೆಳಗಾವಿಯಿಂದ ಬ್ರೆಜಿಲ್, ಸಿಂಗಪುರದಿಂದ ಕೊಳವಿ

ನಾಲ್ಕನೆಯ ಬಗೆಯನ್ನು ನೋಡಲು ಮರಳಿ ಪೂರ್ವಕ್ಕೆ, ಕಬ್ಬಿನ ಸೀಮೆಗೆ ಬರಬೇಕು. ಧೂಪದಾಳದ ಒಡ್ಡು, ಹಿಡಕಲ್ ಜಲಾಶಯಗಳ ನೀರು ಗೋಕಾಕ, ಮೂಡಲಗಿಯ ಕಪ್ಪು ಮಣ್ಣಿನಲ್ಲಿ ಕಬ್ಬಾಗಿ ನಿಂತಿದೆ. ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ತೂರಾಡುತ್ತ ಸಾಗುತ್ತವೆ. ಒಳಗಿನ ಟೇಪ್‌ರೆಕಾರ್ಡರಿನ ಹಾಡು ಅರ್ಧ ಮೈಲಿಗೆ ಕೇಳುತ್ತದೆ.

1998ರಲ್ಲಿ ಸಕ್ಕರೆ ಕಾರಖಾನೆಗೆ ಲೈಸೆನ್ಸ್ ಬೇಕೆಂಬ ನಿಯಮ ಹೋಯಿತು. ಅದೇ ಕಾಲಕ್ಕೆ ಬೆಳಗಾವಿಯಲ್ಲಿ ವಿದ್ಯಾ ಮುರಕುಂಬಿ ಮತ್ತು ಅವರ ಮಗ ನರೇಂದ್ರ ಮುರಕುಂಬಿ ಶ್ರೀ ರೇಣುಕಾ ಶುಗರ್ಸ್ ಕಟ್ಟಿದರು. ಸವದತ್ತಿ ತಾಲ್ಲೂಕಿನ ಮುನವಳ್ಳಿಯಿಂದ ಆರಂಭವಾದ ಕಂಪನಿ ಅಥಣಿಗೆ ಬೆಳೆಯಿತು, ಗೋಕಾಕ ತಾಲ್ಲೂಕಿನ ಕೊಳವಿಯ ಗೋಕಾಕ ಶುಗರ್ಸ್ ಕಾರಖಾನೆಯನ್ನೂ ತನ್ನ ತೆಕ್ಕೆಗೆ ತೆಗೆದುಕೊಂಡಿತು. ಅಲ್ಲಿಗೂ ನಿಲ್ಲಲಿಲ್ಲ. 2009 ಮತ್ತು 2010ರಲ್ಲಿ ಜಗತ್ತಿನ ಅತಿದೊಡ್ಡ ಸಕ್ಕರೆ ದೇಶವಾದ ಬ್ರೆಜಿಲ್‌ಗೆ ಹೋಗಿ ಅಲ್ಲಿಯ ಎರಡು ಸಕ್ಕರೆ ಕಂಪನಿಗಳನ್ನು ಕೊಂಡಿತು. ಪರದೇಶದವರು ಬಂದು ಇಲ್ಲಿ ಹಣ ಹೂಡುವುದನ್ನೇ ನೋಡಿದ್ದ ಜಿಲ್ಲೆಯ ಕಂಪನಿಯೊಂದು ಪರದೇಶದಲ್ಲಿ ಹಣ ಹೂಡಿತು. ಆಗ ಬ್ರೆಜಿಲ್ಲಿನ ರೈತನ ಕಣ್ಣಿಗೆ ಬೆಳಗಾವಿಯೇ ‘ವಿದೇಶಿ ಬಂಡವಾಳ’.

ಮುಂದೆ ಗಾಳಿ ತಿರುಗಿತು. 2011ರ ಆರಂಭದಲ್ಲಿ ಒಂದು ಪೌಂಡ್ ಕಚ್ಚಾ ಸಕ್ಕರೆಗೆ ಮೂವತ್ತು ಸೆಂಟ್ ದಾಟಿದ್ದ ಜಾಗತಿಕ ದರ 2015ರಲ್ಲಿ ಹತ್ತು ಹನ್ನೊಂದು ಸೆಂಟಿಗೆ ಕುಸಿಯಿತು. ಸಾಲ ಮಾಡಿ ಕೊಂಡ ಆಸ್ತಿಯ ಬಡ್ಡಿ ಮಾತ್ರ ಕುಸಿಯಲಿಲ್ಲ. 2015ರಲ್ಲಿ ಬ್ರೆಜಿಲ್ಲಿನ ಘಟಕಗಳು ಅಲ್ಲಿಯ ನ್ಯಾಯಾಲಯದಲ್ಲಿ ದಿವಾಳಿಯಿಂದ ರಕ್ಷಣೆ ಕೋರಿದವು. 2014ರಲ್ಲಿ ಪಾಲುದಾರನಾಗಿ ಒಳಬಂದಿದ್ದ ಸಿಂಗಪುರದ ವಿಲ್ಮರ್ ಕಂಪನಿ 2018ರಲ್ಲಿ ಅರ್ಧಕ್ಕಿಂತ ಹೆಚ್ಚು ಷೇರು ಹಿಡಿದು ಯಜಮಾನನಾಯಿತು. ಹೀಗೆ ಕೊಳವಿಯ ಕಾರಖಾನೆಯ ಕೀಲಿ ಗೋಕಾಕದವರು ನೋಡದ ಸಮುದ್ರ ತೀರದ ಊರಿಗೆ ಹೋಯಿತು.

ಇಲ್ಲಿ ಹೊಸ ಹೊಲ ಉಳಲಿಲ್ಲ, ಇದ್ದ ತೋಟ ಕೈ ಬದಲಾಯಿಸಿತು. ಪತ್ರಿಕೆಯ ಅಂಕಿಯಲ್ಲಿ ಹೊಸ ಕಾರಖಾನೆ ಕಟ್ಟಿದ ಹಣವೂ, ಹಳೆಯ ಕಾರಖಾನೆ ಕೊಂಡ ಹಣವೂ ಒಂದೇ ಸಾಲಿನಲ್ಲಿ ಕೂಡುತ್ತವೆ. ಊರಿಗೆ ಮಾತ್ರ ಎರಡೂ ಒಂದೇ ಅಲ್ಲ. ಹೊಸದು ಕಟ್ಟಿದರೆ ಹೊಸ ಕೆಲಸ. ಹಳೆಯದನ್ನು ಕೊಂಡರೆ, ನಿಂತುಹೋಗಬಹುದಾಗಿದ್ದ ಕೆಲಸ ಉಳಿಯುತ್ತದೆ. ಅದೂ ಸಣ್ಣದಲ್ಲ, ಮುಳುಗಿದ ಕಾರಖಾನೆಗೆ ಕಬ್ಬು ಕೊಟ್ಟು ಬಾಕಿಗಾಗಿ ಅಲೆದ ರೈತನಿಗೆ ಅದರ ಬೆಲೆ ಗೊತ್ತು.

ಗುರ್ಲಾಪುರ ಕ್ರಾಸಿನ ಪ್ರಶ್ನೆ

‘ಅಪ್ಪಾ, ಕಾರಖಾನಿ ಯಾರದಾದ್ರ ನಮಗೇನು? ಬಿಲ್ಲು ಬಂದ್ರ ಸಾಕಲ್ಲ?’ ಎಂದು ಕಾಲೇಜಿಗೆ ಹೋಗುವ ಮಗಳು ಕೇಳಿದರೆ ತಂದೆ ಏನು ಹೇಳಬೇಕು? ಉತ್ತರ ಹುಡುಕಲು ಮೂಡಲಗಿಯ ಸಮೀಪದ ಗುರ್ಲಾಪುರ ಕ್ರಾಸಿಗೆ ಹೋಗಬೇಕು. 2025ರ ಅಕ್ಟೋಬರ್ ಕೊನೆಗೆ ಇಲ್ಲಿ ಕಬ್ಬು ಬೆಳೆಗಾರರು ರಸ್ತೆಯ ಮೇಲೆ ಕುಳಿತರು. ಟನ್ನಿಗೆ 3,500 ರೂಪಾಯಿ ಕೊಡಬೇಕೆಂಬುದು ಅವರ ಬೇಡಿಕೆ. ಹೋರಾಟ ಸುತ್ತಲಿನ ಜಿಲ್ಲೆಗಳಿಗೂ ಹಬ್ಬಿತು. ನವೆಂಬರ್ ಮೊದಲ ವಾರ ಕಳೆಯುವಷ್ಟರಲ್ಲಿ ಮುಖ್ಯಮಂತ್ರಿ ಕಾರಖಾನೆಗಳ ಮಾಲೀಕರನ್ನೂ ರೈತ ಮುಖಂಡರನ್ನೂ ಕರೆಸಿ, ಶೇ 11.25ರ ಇಳುವರಿಗೆ ಟನ್ನಿಗೆ 3,300 ರೂಪಾಯಿ ಎಂದು ತೀರ್ಮಾನ ಹೇಳಿದರು. ಅದರಲ್ಲಿ ಸ್ವಲ್ಪ ಭಾಗ ಸರ್ಕಾರದ ಬೊಕ್ಕಸದಿಂದ.

ಗಮನಿಸಬೇಕಾದ ಮಾತೆಂದರೆ, ಈ ಜಿಲ್ಲೆಯಲ್ಲಿ ಸಹಕಾರಿ ಕಾರಖಾನೆಗಳಿವೆ, ಸ್ಥಳೀಯ ಮುಖಂಡರ ಖಾಸಗಿ ಕಾರಖಾನೆಗಳಿವೆ, ವಿದೇಶಿ ಒಡೆತನದ್ದೂ ಇದೆ. ರೈತರು ಕುಳಿತದ್ದು ಒಂದು ದೇಶದ ಹಣದ ವಿರುದ್ಧವಲ್ಲ, ದರದ ವಿರುದ್ಧ. ಕಬ್ಬಿನ ಕನಿಷ್ಠ ನ್ಯಾಯದರವನ್ನು ದೆಹಲಿ ನಿಗದಿ ಮಾಡುತ್ತದೆ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಈ ಕಾನೂನಿಗೆ ಮಾಲೀಕ ಸಂಕೇಶ್ವರದವನೋ ಸಿಂಗಪುರದವನೋ ಎಂಬ ಭೇದವಿಲ್ಲ.

ಹಾಗಿದ್ದರೆ ಮಗಳ ಮಾತೇ ಸರಿಯೇ? ಅರ್ಧ ಸರಿ. ಕಾನೂನು ಜಾರಿಯಾದರೆ, ರೈತರು ಒಟ್ಟಾಗಿದ್ದರೆ, ಮಾಲೀಕ ಯಾರಾದರೂ ಬಿಲ್ಲು ಬರುತ್ತದೆ. ಉಳಿದ ಅರ್ಧ ಹೀಗಿದೆ: ಕಷ್ಟದ ದಿನ ಬಂದಾಗ ಕಾರಖಾನೆ ನಡೆಸಬೇಕೋ, ಮಾರಬೇಕೋ, ಮುಚ್ಚಬೇಕೋ ಎಂದು ತೀರ್ಮಾನಿಸುವ ಮನುಷ್ಯ ಎಲ್ಲಿ ಕುಳಿತಿದ್ದಾನೆ ಎಂಬುದೂ ಮುಖ್ಯ. ಹುಕ್ಕೇರಿಯ ಸಂಘದ ಬಾಗಿಲಿಗೆ ಸದಸ್ಯ ನಡೆದುಕೊಂಡು ಹೋಗಬಲ್ಲ. ಲಂಡನ್ನಿಗೋ ಸಿಂಗಪುರಕ್ಕೋ ಹೋಗಲಾರ. ಅಲ್ಲಿಗೆ ಹೋಗಬಲ್ಲದ್ದು ಕಾನೂನು ಮತ್ತು ಒಪ್ಪಂದದ ಕಾಗದ ಮಾತ್ರ.

ಬಂದದ್ದು, ಹೋದದ್ದು, ಉಳಿದದ್ದು

ಈಗ ದೇಶದ ಲೆಕ್ಕ ನೋಡೋಣ. 1991ರಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದು, ಚಿನ್ನ ಒತ್ತೆ ಇಡಬೇಕಾಗಿ ಬಂದಾಗ ಭಾರತ ಬಾಗಿಲು ತೆರೆಯಿತು. ಆದ್ಯತೆಯ ಉದ್ದಿಮೆಗಳಲ್ಲಿ ಶೇ 51ರ ವರೆಗಿನ ವಿದೇಶಿ ಪಾಲಿಗೆ ತಾನಾಗಿಯೇ ಒಪ್ಪಿಗೆ ಸಿಗುವಂತಾಯಿತು. 1990-91ರಲ್ಲಿ ಸುಮಾರು 10 ಕೋಟಿ ಡಾಲರ್ ಇದ್ದ ವಿದೇಶಿ ನೇರ ಬಂಡವಾಳ 2024-25ರಲ್ಲಿ ಒಟ್ಟು 8,100 ಕೋಟಿ ಡಾಲರ್ ಆಸುಪಾಸಿಗೆ ಏರಿತು. ಮೂವತ್ತೈದು ವರ್ಷಗಳಲ್ಲಿ ನೂರಾರು ಪಟ್ಟು!

ಆದರೆ ಇದು ತೊರೆಯ ಒಳಹರಿವು ಮಾತ್ರ. ಅದೇ ವರ್ಷ ಹಳೆಯ ಹೂಡಿಕೆದಾರರು ತಮ್ಮ ಪಾಲು ಮಾರಿ ಒಯ್ದ ಹಣವನ್ನೂ, ಭಾರತದ ಕಂಪನಿಗಳು ಹೊರದೇಶಗಳಲ್ಲಿ ಹೂಡಿದ ಹಣವನ್ನೂ ಕಳೆದರೆ ಉಳಿದ ನಿವ್ವಳ ಮೊತ್ತ 100 ಕೋಟಿ ಡಾಲರಿಗೂ ಕಡಿಮೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಲಾಭ ಮಾಡಿ ಹೊರಹೋಗಲು ಸಾಧ್ಯವಿರುವ ಕಡೆಗೇ ಹೊಸಬರು ಬರುತ್ತಾರೆ, ಇಲ್ಲಿಯವರು ಹೊರಗೆ ಹೂಡುವುದೂ ಬಲದ ಲಕ್ಷಣವಾಗಿರಬಹುದು. ಹಾಗೆಂದು ‘ಇಷ್ಟು ಬಂತು’ ಎಂಬ ಒಂದೇ ಅಂಕಿ ನೋಡಿ ಹಿಗ್ಗುವುದೂ ಬೇಡ. ಹಿಡಕಲ್‌ನ ಎಂಜಿನಿಯರ್ ಒಳಹರಿವನ್ನು ಮಾತ್ರ ಬರೆದು ಹೊರಹರಿವನ್ನು ಬಿಟ್ಟರೆ ಅಣೆಕಟ್ಟೆಯಲ್ಲಿ ಎಷ್ಟು ನೀರಿದೆ ಎಂದು ಯಾರಿಗೂ ತಿಳಿಯದು.

ಹಂಚಿಕೆಯದೂ ಒಂದು ಪ್ರಶ್ನೆ. 2024-25ರಲ್ಲಿ ಷೇರು ರೂಪದಲ್ಲಿ ಬಂದ ವಿದೇಶಿ ಬಂಡವಾಳದಲ್ಲಿ ಮಹಾರಾಷ್ಟ್ರಕ್ಕೆ ಶೇ 39, ಎರಡನೆಯ ಸ್ಥಾನದ ಕರ್ನಾಟಕಕ್ಕೆ ಶೇ 13. ಆ ಶೇ 13ರಲ್ಲಿ ಬಹುಪಾಲು ಬೆಂಗಳೂರಿನ ಸುತ್ತಮುತ್ತಲೇ. ಅದಕ್ಕೇ ಹತ್ತರಗಿಯಂಥ ಒಂದು ಊರು ಇಡೀ ಉತ್ತರ ಕರ್ನಾಟಕಕ್ಕೆ ಮುಖ್ಯವಾಗುತ್ತದೆ. ಹಣ ರಾಜಧಾನಿಯನ್ನು ಬಿಟ್ಟು ನಾಲ್ಕೈದು ನೂರು ಕಿಲೋಮೀಟರ್ ಬರಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಘಟಪ್ರಭೆಯ ದಂಡೆಯ 140 ವರ್ಷಗಳ ಅನುಭವ ಒಂದು ಸರಳ ಪರೀಕ್ಷೆಯನ್ನು ಕಲಿಸುತ್ತದೆ. ಹೊರಗಿನ ಹಣದ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಬೇಕು. ಹೊಸದನ್ನು ಕಟ್ಟಲು ಬಂತೋ, ಇದ್ದದ್ದನ್ನು ಕೊಳ್ಳಲು ಬಂತೋ? ತೀರ್ಮಾನದ ಕೀಲಿ ಯಾರ ಕೈಯಲ್ಲಿ? ನಾಳೆ ಹಣ ಹೊರಟು ಹೋದರೆ ಊರಿನವರ ಕೈಯಲ್ಲಿ ಏನು ಉಳಿಯುತ್ತದೆ? ಮೊದಲೆರಡಕ್ಕೆ ಉತ್ತರ ಸರ್ಕಾರದ ನೀತಿಯಲ್ಲಿ, ಕಂಪನಿಗಳ ಕಾಗದದಲ್ಲಿ ಸಿಗುತ್ತದೆ. ಮೂರನೆಯದಕ್ಕೆ ಉತ್ತರ ಸಿಗಬೇಕಾದದ್ದು ಶಾಲೆಯಲ್ಲಿ, ಐಟಿಐಯ ವರ್ಕ್‌ಶಾಪಿನಲ್ಲಿ, ಸಂಘದ ಸಭೆಯಲ್ಲಿ.

ಬೇಸಗೆಯಲ್ಲಿ ಗೋಕಾಕ ಫಾಲ್ಸ್‌ಗೆ ಬಂದವರಿಗೆ ನಿರಾಶೆಯಾಗುತ್ತದೆ. ಸದ್ದಿಲ್ಲ, ತುಂತುರಿಲ್ಲ, ಬಿಸಿಲಿಗೆ ಕಾದ ಬಂಡೆಯ ಮೇಲೆ ಎಲ್ಲೋ ಒಂದು ನೀರಿನ ಎಳೆ. ‘ನೀರು ಎಲ್ಲಿ ಹೋಯಿತು?’ ಎಂದು ಮಕ್ಕಳು ಕೇಳುತ್ತಾರೆ. ಕೊಚ್ಚಿಕೊಂಡು ಹೋದದ್ದು ಕೃಷ್ಣೆಗೆ ಸೇರಿತು. ಒಡ್ಡು ಕಟ್ಟಿ ಹಿಡಿದದ್ದು ಕಾಲುವೆಗಳಲ್ಲಿ ಹರಿದು, ಮೂಡಲಗಿಯ ಕಡೆಗೆ ಆಳೆತ್ತರದ ಕಬ್ಬಾಗಿ ನಿಂತಿದೆ.